ಎರಡು ಅರೆ ಸೇರಿದರೆ ಒಂದು ಇಡಿ: ಮರದ 102 ಬ್ಲಾಕ್‌ಗಳ ಕೆಲಸದ ದಾಖಲೆ

ಮಂಡ್ಯ ತಾಲ್ಲೂಕಿನ ಒಂದು ಅಂಗನವಾಡಿಗೆಂದು ಮಾಡಿದ ಮರದ ಬ್ಲಾಕ್ ಸೆಟ್ಟಿನ ಪೂರ್ತಿ ಲೆಕ್ಕ ಇಲ್ಲಿದೆ. ಮೂರರಿಂದ ಆರು ವರ್ಷದ ನಾಲ್ಕೈದು ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂತು ಕಟ್ಟುವಷ್ಟು ದೊಡ್ಡದು. ಬ್ಲಾಕ್‌ಗಳ ಮೇಲೆ ಅಕ್ಷರವಿಲ್ಲ, ಅಂಕಿಯಿಲ್ಲ, ಚಿತ್ರವಿಲ್ಲ. ಕಲಿಸುವುದೆಲ್ಲ ಅಳತೆಯೇ. ಎರಡು ಅರೆಗಳನ್ನು ಸಾಲಾಗಿಟ್ಟರೆ ಒಂದು ಇಡಿಗೆ ಸಮ, ಎರಡು ಇಡಿ ಒಂದು ಜೋಡಿಗೆ ಸಮ. ಇದನ್ನು ಯಾರೂ ಹೇಳಿಕೊಡದೆ ಮಗುವಿನ ಬೆರಳೇ ಕಂಡುಕೊಳ್ಳುತ್ತದೆ. ಆದ್ದರಿಂದ ಒಂದೂವರೆ ಮಿ.ಮೀ. ತಪ್ಪಿದ ಬ್ಲಾಕ್ ಮಗುವಿಗೆ ಸುಳ್ಳು ಹೇಳುತ್ತದೆ. ಈ ಕೆಲಸದ ಮುಕ್ಕಾಲು ಶ್ರಮ ಹೋದದ್ದು ಆ ಒಂದೂವರೆ ಮಿ.ಮೀ. ಹಿಂದೆ.

ದಪ್ಪ, ಅಗಲ, ಉದ್ದಕ್ಕೆ 1:2:4 ಅನುಪಾತ. ನ್ಯೂಯಾರ್ಕಿನ ಶಿಕ್ಷಕಿ ಕ್ಯಾರೊಲಿನ್ ಪ್ರ್ಯಾಟ್ ಸುಮಾರು ನೂರು ವರ್ಷದ ಹಿಂದೆ ರೂಢಿಗೆ ತಂದ ಅಳತೆ ಇದು: 1⅜, 2¾, 5½ ಅಂಗುಲ. ಅದನ್ನು ಇಲ್ಲಿ 35, 70, 140 ಮಿ.ಮೀ.ಗೆ ಹೊಂದಿಸಿಕೊಂಡಿದ್ದೇವೆ. ಅವರಿಗಿಂತ ಮುಂಚೆ ಜರ್ಮನಿಯ ಫ್ರೋಬೆಲ್ ಮಾಡಿಸಿದ ಘನಗಳು ಮೇಜಿನ ಮೇಲೆ ಆಡುವಷ್ಟು ಸಣ್ಣವು. ನೆಲದ ಮೇಲೆ, ತೋಳು ಚಾಚಿ ಕಟ್ಟುವ ಮಕ್ಕಳಿಗೆ ಪ್ರ್ಯಾಟ್ ಅಳತೆಯೇ ಸರಿ.

ಪಟ್ಟಿ ಹೀಗಿದೆ:

ಅರೆ, 70×70×35: 24
ಇಡಿ, 140×70×35: 32
ಜೋಡಿ, 280×70×35: 12
ಕಂಬ, 140×35×35: 12
ಚಿಕ್ಕ ತ್ರಿಕೋನ, 70×70ರ ಅರ್ಧ, 35 ದಪ್ಪ: 8
ದೊಡ್ಡ ತ್ರಿಕೋನ, 140×70ರ ಅರ್ಧ, 35 ದಪ್ಪ: 8
ಉರುಳೆ, 35 ವ್ಯಾಸ, 140 ಉದ್ದ: 6

ಅರೆಗಳು 24 ಯಾಕೆ ಎಂದು ಕೇಳುವವರಿಗೆ ಗಾರೆ ಕೆಲಸದವರು ಗೋಡೆ ಎಬ್ಬಿಸುವುದನ್ನು ತೋರಿಸಿದರೆ ಸಾಕು. ಮೇಲಿನ ವರಸೆಯ ಇಟ್ಟಿಗೆ ಕೆಳಗಿನ ಸಂದಿನ ಮೇಲೆ ಕೂರಬೇಕಾದರೆ ವರಸೆ ಬಿಟ್ಟು ವರಸೆಗೆ ಎರಡೂ ತುದಿಯಲ್ಲಿ ಅರ್ಧ ಇಟ್ಟಿಗೆ ಬೇಕು. ಅರೆ ಕಡಿಮೆಯಿದ್ದರೆ ಮಕ್ಕಳು ಸಂದಿನ ಮೇಲೆ ಸಂದು ಬರುವಂತೆ ಜೋಡಿಸುತ್ತಾರೆ, ಗೋಡೆ ಮಧ್ಯಕ್ಕೆ ಸೀಳಿಕೊಂಡು ಬೀಳುತ್ತದೆ.

ಮರ

ತಯಾರಾದ 102 ಬ್ಲಾಕ್‌ಗಳ ಒಟ್ಟು ಗಾತ್ರ ಸರಿಸುಮಾರು ಒಂದು ಸಿಎಫ್‌ಟಿ (ಘನ ಅಡಿ). ಆದರೆ ಸಾಮಿಲ್‌ನಿಂದ ಎರಡು ಸಿಎಫ್‌ಟಿ ತರಬೇಕು. ಬ್ಲೇಡ್ ತಿನ್ನುವುದು, ಗಂಟು, ತುದಿ ಸೀಳು, ಹತ್ತರಿ ಹಿಡಿದಾಗ ಹೋಗುವುದು ಎಲ್ಲ ಸೇರಿ ಅರ್ಧದಷ್ಟು ಮರ ಹೊಟ್ಟಾಗುತ್ತದೆ.

ಚನ್ನಪಟ್ಟಣದ ಬೊಂಬೆಗಳ ಆಲೆ ಮರ ಬೆಳ್ಳಗೆ, ನುಣ್ಣಗೆ, ಹಗುರವಾಗಿ ಆಟಿಕೆಗೆ ಹೇಳಿ ಮಾಡಿಸಿದಂತಿದೆ. ತೊಂದರೆ ಏನೆಂದರೆ ಸಿಗುವ ದಿಮ್ಮಿಗಳು ತೆಳು. ಕಡೆಯುವ ಸಾಮಾನಿಗೆ ಅದು ಸಾಕು. ಮೂರು ಅಂಗುಲಕ್ಕಿಂತ ಅಗಲದ ಹಲಗೆ ತೆಗೆಯಲು ಹೋದರೆ ನಡುವಿನ ತಿರುಳು ಒಳಗೇ ಸಿಕ್ಕಿಕೊಳ್ಳುತ್ತದೆ. ತಿರುಳಿರುವ ಹಲಗೆ ಒಣಗಿದಾಗ ಬಿರುಕು ಬಿಟ್ಟೇ ಬಿಡುತ್ತದೆ. ಅದಕ್ಕೆ ಆಲೆ ಮರವನ್ನು ಉರುಳೆಗಳಿಗೆ ಮಾತ್ರ ಇಟ್ಟುಕೊಂಡೆವು.

ರಬ್ಬರ್ ಮರದ ಜೋಡಣೆ ಹಲಗೆ ಅಗ್ಗ, ಒಣಗಿಸಿಯೇ ಬರುತ್ತದೆ. ಆದರೆ ಅದರಲ್ಲಿ ಪಿಷ್ಟ ಹೆಚ್ಚು, ಹುಳ ಬೇಗ ಬೀಳುತ್ತದೆ ಎಂದು ಸಾಮಾನ್ಯವಾಗಿ ಬೋರಾನ್ ದ್ರಾವಣ ಕುಡಿಸಿರುತ್ತಾರೆ. ಬಾಯಿಗಿಡುವ ಆಟಿಕೆಗೆ ಅದು ಬೇಡ. ಕೊಡಗಿನ ತೋಟಗಳಿಂದ ಬರುವ ಸಿಲ್ವರ್ ಓಕ್ ಮೈಸೂರಿನಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ಸೊನೆ, ಹೊಟ್ಟು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮಾವು ಅಗ್ಗ, ಆದರೆ ಕಡಿದ ಕೂಡಲೇ ಒಣಗಿಸದಿದ್ದರೆ ನೀಲಿ ಕಲೆ, ಕುಟ್ಟೆಹುಳ ಎರಡೂ ಹಿಡಿಯುತ್ತವೆ.

ಉಳಿದದ್ದು ಬೇವು. ಊರಲ್ಲೇ ಸಿಗುತ್ತದೆ, ಗಟ್ಟಿ, ನೆಲಕ್ಕೆ ಬಿದ್ದರೆ ಮೂಲೆ ಮುಕ್ಕಾಗುವುದು ಕಡಿಮೆ. ಒಂದು ಅವಗುಣವಿದೆ: ಎಳೆ ಒಂದು ಪದರದಲ್ಲಿ ಅತ್ತ, ಇನ್ನೊಂದರಲ್ಲಿ ಇತ್ತ ಓಡಿರುತ್ತದೆ. ಪ್ಲೇನರ್‌ಗೆ (ಹತ್ತರಿ ಹಿಡಿಯುವ ಯಂತ್ರ) ಯಾವ ಕಡೆಯಿಂದ ಕೊಟ್ಟರೂ ಎಲ್ಲೋ ಒಂದು ಕಡೆ ಚಕ್ಕೆ ಎದ್ದುಬರುತ್ತದೆ. ಬ್ಲೇಡ್ ಹೊಸದಾಗಿ ಸಾಣೆ ಹಿಡಿಸಿ, ಒಂದು ಸಲಕ್ಕೆ ಅರ್ಧ ಮಿ.ಮೀ. ಮೀರದಂತೆ ತೆಗೆದರೆ ಚಕ್ಕೆ ಏಳುವುದು ನಿಂತಿತು. ಒಂದೂವರೆ ಮಿ.ಮೀ. ತೆಗೆದ ಮೊದಲ ಹಲಗೆಯಲ್ಲಿ ಎದ್ದ ಗುಳಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಲಾಗದೆ ಅದನ್ನು ಕಂಬಗಳಿಗೆ ಸೀಳಬೇಕಾಯಿತು.

ಸಾಮಿಲ್‌ನಲ್ಲಿ ಹೇಳಬೇಕಾದ ಅಳತೆ: ದಪ್ಪ 1¾ ಅಂಗುಲ, ಅಗಲ 3¼ ಅಂಗುಲ. ಒಂದೂವರೆ ಅಂಗುಲ ದಪ್ಪ ಸಾಕಲ್ಲವೇ ಎನ್ನುತ್ತಾರೆ. ಅದು 38 ಮಿ.ಮೀ., ಎರಡೂ ಮುಖ ಸೇರಿ ಮೂರು ಮಿ.ಮೀ. ಮಾತ್ರ ಕೈಯಲ್ಲಿರುತ್ತದೆ. ಒಣಗುವಾಗ ಹಲಗೆ ದೋಣಿಯಂತೆ ಬಾಗಿದರೆ 35 ಸಿಗುವುದೇ ಇಲ್ಲ.

ಹಸಿ ಮರವಾದರೆ ತುದಿಗಳಿಗೆ ಅಂದೇ ಪೇಂಟ್ ಬಳಿಯಬೇಕು. ತುದಿಯಿಂದಲೇ ನೀರು ಬೇಗ ಹೋಗುವುದು, ಅಲ್ಲಿಂದಲೇ ಸೀಳು ಹೊರಡುವುದು. ನೆರಳಲ್ಲಿ, ಗಾಳಿಯಾಡುವ ಕಡೆ, ಹಲಗೆಗಳ ನಡುವೆ ಒಂದೂವರೆ ಅಡಿಗೊಂದರಂತೆ ಮುಕ್ಕಾಲು ಅಂಗುಲದ ರೀಪು ಕೊಟ್ಟು ಪೇರಿಸಬೇಕು. ರೀಪುಗಳು ಮೇಲಿಂದ ಕೆಳಗೆ ಒಂದೇ ನೇರದಲ್ಲಿರಲಿ, ಇಲ್ಲದಿದ್ದರೆ ಹಲಗೆ ಅಲೆಯಲೆಯಾಗಿ ಒಣಗುತ್ತದೆ. ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೆಯ ಲೆಕ್ಕ. ಕಾಯಲಾಗದವರು ಒಣಗಿದ ಹಲಗೆಯನ್ನೇ ಕೊಳ್ಳಬೇಕು, ಮತ್ತು ತೇವದ ಮೀಟರ್ ಜೊತೆಗೆ ಒಯ್ಯಬೇಕು. ಹಲಗೆಯ ತುದಿಯಲ್ಲಿ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತದೆ. ತುದಿಯಿಂದ ಒಂದಡಿ ಬಿಟ್ಟು ಚುಚ್ಚಬೇಕು. ಶೇಕಡಾ 12ಕ್ಕಿಂತ ಹೆಚ್ಚು ತೇವ ತೋರಿಸಿದ್ದನ್ನು ಬಿಟ್ಟು ಬಂದೆವು.

ಪಟ್ಟಿ ಮತ್ತು ತುಂಡು

ಒಂದು ಮುಖ, ಒಂದು ಬದಿ ನೇರ ಮಾಡಿಕೊಂಡು, ದಪ್ಪ 35.4, ಅಗಲ 70.4ಕ್ಕೆ ಪಟ್ಟಿಗಳು. ಮೇಲಿನ 0.4 ಉಪ್ಪುಕಾಗದಕ್ಕೆ. 70 ಅಗಲದ ಪಟ್ಟಿ ಒಟ್ಟು ಹನ್ನೊಂದೂವರೆ ಮೀಟರ್ ಬೇಕು. ಕಂಬ, ಉರುಳೆಗಳಿಗೆ ಇನ್ನೂ ಸುಮಾರು ಒಂದೂಕಾಲು ಮೀಟರ್ ಹಲಗೆ ಬೇರೆ, ಅದನ್ನು ಉದ್ದಕ್ಕೆ ಎರಡಾಗಿ ಸೀಳಬೇಕು. ಉರುಳೆಗೆ ಆಲೆ ಮರ ಸಿಕ್ಕರೆ ಆ ಪಾಲು ಬೇವಿನಲ್ಲಿ ಉಳಿಯುತ್ತದೆ. ತಯಾರಾದ 70ರ ಪಟ್ಟಿಯನ್ನೇ ಸೀಳಿ ಎರಡು ಕಂಬ ತೆಗೆಯುತ್ತೇವೆ ಎಂದುಕೊಳ್ಳಬೇಡಿ: 3.2 ಮಿ.ಮೀ. ಬ್ಲೇಡ್ ಹೋದ ಮೇಲೆ ಉಳಿಯುವುದು 33.4ರ ಎರಡು ಕಂಬ.

ಇದೇ ತಪ್ಪು ಉದ್ದದಲ್ಲೂ ಆಗುತ್ತದೆ, ಮತ್ತು ಬ್ಲಾಕ್ ಮಾಡಲು ಹೊರಟವರಲ್ಲಿ ಹೆಚ್ಚಿನವರು ಬೀಳುವ ಗುಂಡಿ ಇದೇ. 140ರ ಇಡಿಯನ್ನು ನಡುವೆ ಕತ್ತರಿಸಿದರೆ 70 ಬರುವುದಿಲ್ಲ, 68.4 ಬರುತ್ತದೆ. ಯಾವ ತುಂಡನ್ನೂ ಇನ್ನೊಂದರಿಂದ ಅರ್ಧ ಮಾಡಬಾರದು. ಪ್ರತಿಯೊಂದನ್ನೂ ಪಟ್ಟಿಯಿಂದ, ತಡೆಗಟ್ಟೆಗೆ (ಪಟ್ಟಿಯ ತುದಿಯನ್ನು ಅಳತೆಗೆ ನಿಲ್ಲಿಸುವ ಗಟ್ಟಿ ತುಂಡು) ಒತ್ತಿ, ಅದರದೇ ಅಳತೆಗೆ ಕತ್ತರಿಸಬೇಕು. ಮೊದಲು ಜೋಡಿ ಎಲ್ಲ, ಆಮೇಲೆ ತಡೆ ಸರಿಸಿ ಇಡಿ ಎಲ್ಲ, ಕೊನೆಗೆ ಅರೆ. ಈ ಕ್ರಮದಲ್ಲಿ ಹೋದರೆ ಗಂಟು ಬಿಟ್ಟು ಉಳಿದ ಸಣ್ಣ ತುಂಡುಗಳು ಅರೆಗಳಿಗೆ ಆಗುತ್ತವೆ.

ಬ್ಲೇಡ್ 10 ಅಂಗುಲದ್ದು, 80 ಹಲ್ಲು, ಕಾರ್ಬೈಡ್ ತುದಿ. ನೇರ ಕೂತಿದೆಯೇ ಎಂದು ನೋಡಲು ಮೂಲೆಮಟ್ಟ ಸಾಲದು. ಒಂದು ತುಂಡು ಕತ್ತರಿಸಿ, ಒಂದು ಭಾಗವನ್ನು ಮಗುಚಿ, ಕತ್ತರಿಸಿದ ಎರಡು ಮುಖಗಳನ್ನು ಸೇರಿಸಿ ಬೆಳಕಿಗೆ ಹಿಡಿಯಬೇಕು. ಓರೆಯಿದ್ದರೆ ಸಂದು ಎರಡರಷ್ಟಾಗಿ ಕಾಣುತ್ತದೆ. ಅರ್ಧ ಡಿಗ್ರಿ ಓರೆ ಕಣ್ಣಿಗೆ ಬೀಳುವುದಿಲ್ಲ. ಆದರೆ 140ರ ಬ್ಲಾಕನ್ನು ನೆಟ್ಟಗೆ ನಿಲ್ಲಿಸಿದರೆ ತಲೆ 1.2 ಮಿ.ಮೀ. ವಾಲಿರುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಇಟ್ಟಂತೆ ವಾಲುವುದು ಕೂಡುತ್ತಲೇ ಹೋಗುತ್ತದೆ. ಆಗ ಮಗು ತನ್ನ ಕೈಯದೇ ತಪ್ಪು ಎಂದುಕೊಳ್ಳುತ್ತದೆ. ಅದು ಆಗಕೂಡದು.

ಕತ್ತರಿಸುತ್ತಾ ಹೋದಂತೆ ಇಡಿಗಳು ಗಿಡ್ಡವಾಗುತ್ತಾ ಬಂದವು. ಮೊದಲನೆಯದು 140.3, ಹದಿನೈದನೆಯದು 139.8. ತಡೆ ಅಲ್ಲಾಡಿರಲಿಲ್ಲ. ತಡೆಗಟ್ಟೆಯ ಬುಡದಲ್ಲಿ ಹೊಟ್ಟು ಅಡಕವಾಗಿ ಕೂತು, ಪಟ್ಟಿ ತಡೆಯನ್ನು ಮುಟ್ಟದೆ ಹೊಟ್ಟನ್ನು ಮುಟ್ಟಿ ನಿಲ್ಲುತ್ತಿತ್ತು. ತಡೆಯ ಕೆಳಮೂಲೆಯನ್ನು ಐದು ಮಿ.ಮೀ. ಓರೆಯಾಗಿ ಕೆತ್ತಿದರೆ ಹೊಟ್ಟಿಗೆ ಜಾಗ ಸಿಗುತ್ತದೆ. ಅಷ್ಟು ಮಾಡಿ, ಪ್ರತಿ ಸಲ ಬ್ರಷ್ ಆಡಿಸಿದ ಮೇಲೆ ಉಳಿದ ಹದಿನೇಳೂ 0.1ರ ಒಳಗೆ ಬಂದವು. ಗಿಡ್ಡವಾದ ಮೂರರಿಂದ ಒಂದೊಂದೇ ಅರೆ ತೆಗೆದೆವು.

ಸುರಕ್ಷತೆಯ ಮಾತು: 70 ಮಿ.ಮೀ.ನಂಥ ಗಿಡ್ಡ ತುಂಡು ಕತ್ತರಿಸುವಾಗ ಟೇಬಲ್ ಸಾದ (ಮೇಜಿಗೆ ಕೂರಿಸಿದ ಗರಗಸ) ಉದ್ದ ಬೇಲಿಯನ್ನೇ, ಅಂದರೆ ಬ್ಲೇಡಿಗೆ ಸಮಾನಾಂತರವಾಗಿ ಕೂರಿಸಿದ ಪಟ್ಟಿಯನ್ನೇ, ತಡೆಯಾಗಿ ಬಳಸಬಾರದು. ಕತ್ತರಿಸಿದ ತುಂಡು ಬೇಲಿ ಮತ್ತು ಬ್ಲೇಡಿನ ನಡುವೆ ಸಿಕ್ಕಿ, ತಿರುಗಿ, ಕಲ್ಲಿನಂತೆ ಎದೆಗೆ ಹಾರುತ್ತದೆ. ಪ್ಲೈವುಡ್ಡಿನ ಜಾರುಹಲಗೆ ಮಾಡಿ, ತಡೆಯನ್ನು ಅದರ ಮೇಲೇ ಕೂರಿಸಿ, ತುಂಡನ್ನು ಕ್ಲಾಂಪಿನಿಂದ ಒತ್ತಿ ಹಿಡಿಯಬೇಕು. ಬೆರಳು ಬ್ಲೇಡಿನಿಂದ ಗೇಣು ದೂರವಿರಲಿ. ಹಳ್ಳಿಯ ಕಡೆ ಸಂಜೆ ಹೊತ್ತು ವೋಲ್ಟೇಜ್ ಇಳಿದರೆ ಮೋಟರ್ ಒದ್ದಾಡಿ ತುದಿಗಳು ಸುಟ್ಟು ಕಪ್ಪಾಗುತ್ತವೆ. ಆ ಕಪ್ಪನ್ನು ಉಜ್ಜಿ ತೆಗೆಯುವಷ್ಟರಲ್ಲಿ ಅಳತೆ ಹೋಗಿರುತ್ತದೆ. ಕರೆಂಟ್ ಸರಿಯಿದ್ದಾಗ ಮಾತ್ರ ಕತ್ತರಿಸಿ.

ತ್ರಿಕೋನದ ಲೆಕ್ಕ

ಒಂದು ಅರೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ ಬರುತ್ತವೆ, ಸರಿ. ಆದರೆ ಬ್ಲೇಡ್ 3.2 ತಿಂದಿರುತ್ತದೆ. ಗೆರೆಯ ನಡುವೆ ಕತ್ತರಿಸಿದರೆ ಎರಡರ ಬದಿಗಳೂ 2.3 ಮಿ.ಮೀ. ಕಡಿಮೆ. ಎರಡನ್ನೂ ಸೇರಿಸಿ ಅರೆಯ ಪಕ್ಕದಲ್ಲಿಟ್ಟರೆ ಚೌಕ ಪೂರ್ತಿಯಾಗುವುದಿಲ್ಲ. ಎರಡು ತ್ರಿಕೋನ ಒಂದು ಚೌಕವಾಗುತ್ತದೆ ಎನ್ನುವುದೇ ಈ ತುಂಡಿನ ಪಾಠ, ಹಾಗಾಗಿ ಇಲ್ಲಿ ಮರ ಉಳಿಸಬಾರದು. ಪ್ರತಿ ಚೌಕದಿಂದ ಒಂದೇ ತ್ರಿಕೋನ. ಬ್ಲೇಡ್ ಪೂರ್ತಿ ಗೆರೆಯ ಆಚೆ ಬದಿಯಲ್ಲಿ ಓಡಲಿ. ಇನ್ನೊಂದು ಭಾಗ ನಾಲ್ಕೂವರೆ ಮಿ.ಮೀ. ಗಿಡ್ಡವಾಗುತ್ತದೆ, ಅದು ಒಲೆಗೆ. ಎಂಟಕ್ಕೆ ಎಂಟು ಚೌಕ, ದೊಡ್ಡ ತ್ರಿಕೋನಕ್ಕೂ ಎಂಟಕ್ಕೆ ಎಂಟು ಇಡಿ. ಮೇಲೆ ಹೇಳಿದ ಹನ್ನೊಂದೂವರೆ ಮೀಟರಿನಲ್ಲಿ ಇದು ಸೇರಿದೆ.

ದೊಡ್ಡ ತ್ರಿಕೋನದ ತುದಿ 26.6 ಡಿಗ್ರಿ, ಚೂಪು. ತುದಿಯನ್ನು ಮೂರು ಮಿ.ಮೀ. ಮೊಂಡು ಮಾಡಲೇಬೇಕು. ಕಣ್ಣಿಗೆ ತಾಗುವ ಮಾತು ಹಾಗಿರಲಿ, ಚೂಪು ಬಿಟ್ಟರೆ ವಾರದೊಳಗೆ ತಾನೇ ಮುರಿದು ಸಿಬಿರು ಏಳುತ್ತದೆ.

ಅಂಚು, ಉಜ್ಜುವುದು, ಎಣ್ಣೆ

ರೌಟರ್‌ನಲ್ಲಿ (ಅಂಚು ಕೆತ್ತುವ ಯಂತ್ರ) ಎಲ್ಲ ಅಂಚುಗಳಿಗೂ 2 ಮಿ.ಮೀ. ಗುಂಡು. ಮಕ್ಕಳ ಸಾಮಾನು ಎಂದು 6 ಮಿ.ಮೀ. ಗುಂಡು ಕೊಡುವವರಿದ್ದಾರೆ. 35ರ ದಪ್ಪದಲ್ಲಿ ಎರಡು ಬದಿಗೂ ಆರಾರು ಹೋದರೆ ಕೂರುವ ಜಾಗ 23 ಮಾತ್ರ ಉಳಿಯುತ್ತದೆ, ಬದಿಯ ಮೇಲೆ ನಿಲ್ಲಿಸಿದ ಗೋಡೆ ಉಸಿರು ಬಿಟ್ಟರೆ ಬೀಳುತ್ತದೆ. ಎರಡು ಮಿ.ಮೀ.ನಲ್ಲಿ 31 ಉಳಿಯುತ್ತದೆ, ಕೈಗೂ ಒತ್ತುವುದಿಲ್ಲ.

ಉಪ್ಪುಕಾಗದ 120, 180, 220. ಅಲ್ಲಿಗೆ ನಿಲ್ಲಿಸಿ. 400ಕ್ಕೆ ಹೋದ ನಾಲ್ಕು ಮಾದರಿಗಳು ಗಾಜಿನಂತೆ ಹೊಳೆದವು, ಒಂದರ ಮೇಲೊಂದು ಜಾರಿದವು. ಉಪ್ಪುಕಾಗದವನ್ನು ಗಾಜಿನ ಅಥವಾ ಗ್ರಾನೈಟಿನ ಮೇಲೆ ಅಂಟಿಸಿ, ಬ್ಲಾಕನ್ನು ಅದರ ಮೇಲೆ ಎಳೆಯಬೇಕು. ಕೈಯಲ್ಲಿ ಕಾಗದ ಹಿಡಿದು ಉಜ್ಜಿದರೆ ಅಂಚು ಸವೆದು ಮುಖ ಉಬ್ಬಾಗುತ್ತದೆ, ಬ್ಲಾಕ್ ತಿರುಗುತ್ತದೆ.

ಬಣ್ಣ ಹಾಕಲಿಲ್ಲ. ಅರಿಶಿನದ ನೀರಿನಲ್ಲಿ ಅದ್ದಿದ ಮಾದರಿ ಚೆಂದವೇ ಇತ್ತು. ಆದರೆ ಬಿಸಿಲಿಗೆ ಮಂಕಾಯಿತು, ಸೋಪಿನ ಬಟ್ಟೆಯಲ್ಲಿ ಒರೆಸಿದ ಕಡೆ ಕೆಂಪಗಾಯಿತು. ಅರಿಶಿನಕ್ಕೆ ಕ್ಷಾರ ತಾಗಿದರೆ ಆಗುವುದೇ ಅದು, ಓಕುಳಿ ನೀರು ಮಾಡುವವರಿಗೆಲ್ಲ ಗೊತ್ತು. ಅಂಗನವಾಡಿಯಲ್ಲಿ ಸೋಪು ತಾಗದೆ ಇರುವುದಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣ ಇದಕ್ಕಿಂತ ಎಷ್ಟೋ ಮೇಲು. ಆದರೆ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಹುಟ್ಟುವ ಬಿಸಿಯಲ್ಲಿ ಅದು ಕರಗಿ ಹಿಡಿಯುವುದು, ಚಪ್ಪಟೆ ಮುಖಕ್ಕೆ ಆ ದಾರಿಯಿಲ್ಲ. ಹಾಗಾಗಿ ಆರು ಉರುಳೆಗಳಿಗೆ ಮಾತ್ರ ಅರಗು.

ಉಳಿದವಕ್ಕೆ ಹಸಿ ಅಗಸೆ ಎಣ್ಣೆ, ಒಂದೇ ತೆಳು ಕೈ. ಬಟ್ಟೆಯಲ್ಲಿ ಸವರಿ, ಕಾಲು ಗಂಟೆ ಬಿಟ್ಟು, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಒಣಗಲು ಹತ್ತು ದಿನ ಕೊಡಿ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆ ಬೇಗ ಒಣಗುತ್ತದೆ, ಆದರೆ ಹಾಗೆ ಒಣಗುವುದು ಅದಕ್ಕೆ ಸೇರಿಸಿದ ಲೋಹದ ಲವಣಗಳಿಂದ. ಅದು ಆಟಿಕೆಗೆ ಬೇಡವೇ ಬೇಡ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಎಂದೂ ಒಣಗುವುದಿಲ್ಲ, ಧೂಳು ಹಿಡಿದು ಜಿಡ್ಡಾಗುತ್ತವೆ. ಜೇನುಮೇಣ ಸೇರಿಸಿದರೆ ಹೊಳಪು ಬರುತ್ತದೆ, ಜೊತೆಗೆ ಜಾರಿಕೆಯೂ ಬರುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು: ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ಬೆಂಕಿ ತಾನೇ ಹೊತ್ತುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಯಾಗಿ ಹರಡಿ.

ಪರೀಕ್ಷೆ

ಮೂರು ಪರೀಕ್ಷೆ ಮಾಡಿದೆವು. ಮೊದಲನೆಯದು ಸಾಲು: 560 ಮಿ.ಮೀ. ಉದ್ದದ ಪ್ಲೈವುಡ್ ದೋಣಿಯಲ್ಲಿ ಎಂಟು ಅರೆ, ತೆಗೆದು ನಾಲ್ಕು ಇಡಿ, ತೆಗೆದು ಎರಡು ಜೋಡಿ. ಮೂರೂ ಸಾಲು ಒಂದು ಮಿ.ಮೀ. ಒಳಗೆ ಹೊಂದಬೇಕು. ಒಂದೊಂದು ಅರೆಯಲ್ಲಿ 0.2 ತಪ್ಪಿದರೆ ಎಂಟರಲ್ಲಿ 1.6 ಆಗುತ್ತದೆ, ಕೈಗೆ ತಟ್ಟನೆ ಗೊತ್ತಾಗುತ್ತದೆ.

ಎರಡನೆಯದು ಬಾಯಿಯ ಪರೀಕ್ಷೆ. ಅಂಗನವಾಡಿಗೆ ಮಕ್ಕಳ ಜೊತೆ ತಮ್ಮ, ತಂಗಿಯರೂ ಬರುತ್ತಾರೆ. ಮೂರು ವರ್ಷದೊಳಗಿನವರ ಆಟಿಕೆಗೆ ಐಎಸ್ 9873 ಎಂಬ ಭಾರತೀಯ ಮಾನದಂಡದಲ್ಲಿ 31.7 ಮಿ.ಮೀ. ಒಳವ್ಯಾಸದ ಕೊಳವೆಯಿದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ತುಂಡೂ ಇರಬಾರದು. ನಮ್ಮ ಅತಿ ಸಣ್ಣ ಅಳತೆಯೇ 35, ಆದ್ದರಿಂದ ಎಲ್ಲವೂ ಪಾಸು. ಮಾರುವ ಉದ್ದೇಶವಿದ್ದರೆ ಇದೊಂದೇ ಸಾಲದು: 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ.

ಮೂರನೆಯದು ಸೇತುವೆ. ಜೋಡಿಯ ಉದ್ದ 280. ಎರಡೂ ತುದಿಗೆ 35 ಊರಿಕೊಂಡರೆ ನಡುವೆ 210 ತೆರಪು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲಕ್ಕೆ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಗೆ ಕಮಾನಿಲ್ಲ. ಕಲ್ಲುಕಂಬದ ತಲೆಯ ಮೇಲೆ ಚಾಚುಕಲ್ಲು, ಅದರ ಮೇಲೆ ತೊಲೆ. ಅದೇ ಉಪಾಯ ಇಲ್ಲೂ ನಡೆಯುತ್ತದೆ. ನೆಟ್ಟಗೆ ನಿಲ್ಲಿಸಿದ ಇಡಿಯ ತಲೆಯ ಮೇಲೆ ಇನ್ನೊಂದು ಇಡಿಯನ್ನು ಅಡ್ಡಡ್ಡ ಇಟ್ಟರೆ ಎರಡೂ ಬದಿಗೆ 35 ಚಾಚುತ್ತದೆ. ಆ ಚಾಚಿನ ಮೇಲೆ ಜೋಡಿ ಹಾಕಿದರೆ ಕಂಬಗಳ ನಡುವಿನ ತೆರಪು 210ರಿಂದ 280ಕ್ಕೆ ಏರುತ್ತದೆ. ಒಂದು ಜೋಡಿಗೆ ಚಾಚು ನಿಲ್ಲುತ್ತದೆ. ಅದರ ಮೇಲೆ ಎರಡನೆಯದನ್ನು ಹೊರಿಸಿದರೆ ಚಾಚುಗಳು ತಕ್ಕಡಿಯಂತೆ ತೂಗಾಡತೊಡಗುತ್ತವೆ. ಪ್ರತಿ ಚಾಚಿನ ಹಿಂತುದಿಗೆ ಒಂದೊಂದು ಅರೆ ಹೇರಿದರೆ ಮತ್ತೆ ಗಟ್ಟಿ. ತೂಕದ ಈ ಹೊಂದಾಣಿಕೆ ಇಷ್ಟು ನಯವಾಗಿ ಬರುವುದು ಅರೆ, ಇಡಿ, ಜೋಡಿ ಎಲ್ಲ ಒಂದೇ ಮರದ್ದಾಗಿದ್ದರೆ ಮಾತ್ರ. ಜೋಡಿ ಬೇವು, ಇಡಿ ಮಾವು ಎಂದು ಬೆರೆಸಿದರೆ ಇಡಿಯ ಎರಡರಷ್ಟು ಜೋಡಿ ತೂಗುವುದಿಲ್ಲ.

ಮಳೆಗಾಲದ ಅಳತೆ

ಫೆಬ್ರವರಿಯಲ್ಲಿ ಮುಗಿದ ಸೆಟ್ಟನ್ನು ಆಗಸ್ಟಿನಲ್ಲಿ ಮತ್ತೆ ಕ್ಯಾಲಿಪರ್‌ಗೆ ಹಿಡಿದಾಗ ಅರೆಗಳು ಚೌಕವಾಗಿ ಉಳಿದಿರಲಿಲ್ಲ. ಎಳೆಯ ಉದ್ದಕ್ಕೆ 70.0, ಎಳೆಗೆ ಅಡ್ಡಕ್ಕೆ 70.4, ಕೆಲವು 70.5. ಮರ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಂಟು ಅರೆಗಳನ್ನು ಎಳೆಯ ಗುಂಟ ಸಾಲಿಟ್ಟರೆ 560, ಅಡ್ಡ ತಿರುಗಿಸಿ ಸಾಲಿಟ್ಟರೆ 563ಕ್ಕೂ ಮೇಲೆ. ಎಣ್ಣೆ ಇದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ.

ಮಳೆಗಾಲದಲ್ಲಿ ಅಗಲವನ್ನು ಉಜ್ಜಿ 70ಕ್ಕೆ ತಂದರೆ ಬೇಸಿಗೆಯಲ್ಲಿ ಅದು 69.6 ಆಗುತ್ತದೆ. ಉಜ್ಜಬೇಡಿ. ಬೇಸಿಗೆಯಲ್ಲಿ ಮಾಡುವ ಸೆಟ್ಟಿಗೆ ಉದ್ದ 70.0 ಇರಲಿ, ಅಗಲವನ್ನು 69.8ಕ್ಕೆ ಮುಗಿಸಿ. ಆಗ ವರ್ಷವಿಡೀ ತಪ್ಪು ಎರಡೂ ಕಡೆಗೆ 0.2–0.3ರಲ್ಲೇ ಆಡುತ್ತದೆ. ದಪ್ಪಕ್ಕೂ ಹೀಗೆಯೇ, 34.9. ಹಲಗೆ ಆರಿಸುವಾಗ ತುದಿಯ ಉಂಗುರಗಳು ಮುಖಕ್ಕೆ ನೆಟ್ಟಗೆ ನಿಂತಿರುವ ಹಲಗೆಗಳನ್ನು ಅರೆಗಳಿಗೆಂದು ಎತ್ತಿಡಿ, ಅವು ಅಗಲದಲ್ಲಿ ಹಿಗ್ಗುವುದು ಕಡಿಮೆ. ಉಂಗುರಗಳು ಮಲಗಿದ ಹಲಗೆ ಜೋಡಿಗಳಿಗೆ ಹೋಗಲಿ.

ಇಡುವುದಕ್ಕೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬೇಡ, ಒದ್ದೆ ಕೈಯ ಬ್ಲಾಕ್ ಒಳಗೆ ಹೋದರೆ ಬೂಷ್ಟು ಹಿಡಿಯುತ್ತದೆ. ಮಕ್ಕಳ ಎದೆಮಟ್ಟದ ತೆರೆದ ಕಪಾಟು ಮಾಡಿ, ಪ್ರತಿ ಹಲಗೆಯ ಹಿಂಬದಿಗೆ ಆ ತುಂಡಿನ ಆಕಾರವನ್ನು ಅದೇ ಅಳತೆಯಲ್ಲಿ ಬರೆದಿಟ್ಟೆವು. ಸೆಟ್ಟು ಭಾರವಾಗಿದೆ, ಕಪಾಟನ್ನು ಗೋಡೆಗೆ ಎರಡು ಕಡೆ ಸ್ಕ್ರೂ ಹಾಕಿ ಬಿಗಿಯಬೇಕು. ಜೊತೆಗೆ ಅದೇ ಪಟ್ಟಿಯಿಂದ ಕತ್ತರಿಸಿದ ನಾಲ್ಕು ಅರೆ, ನಾಲ್ಕು ಇಡಿ ಹೆಚ್ಚುವರಿಯಾಗಿ ಕೊಟ್ಟಿದ್ದೇವೆ. ಆ ಎಂಟು ಬ್ಲಾಕ್‌ಗಳು ಕಾರ್ಯಕರ್ತೆಯ ಬೀರುವಿನಲ್ಲಿವೆ.